ತೆರಿಗೆಯ ಬಾಕಿಯೂ ಮನೆಯ ಬೆಲೆಯೂ

ತೆರಿಗೆಯನ್ನು ಕಾಲಕ್ಕೆ ಸರಿಯಾಗಿ ಸಲ್ಲಿಸುವುದು ಪೌರನ ಧರ್ಮವೆಂಬುದರಲ್ಲಿ ನಮಗೆ ಲೇಶವೂ ಸಂದೇಹವಿಲ್ಲ. ದೀಪ, ನೀರು, ರಸ್ತೆಗಳನ್ನು ಬೇಡುವವರು ಅವುಗಳ ವೆಚ್ಚವನ್ನು ಮಾತ್ರ ಕೊಡಲೊಲ್ಲೆವೆಂದರೆ ಸ್ಥಳೀಯ ಆಡಳಿತವು ನಡೆಯಲಾರದು. ಬಾಕಿದಾರನ ಮೇಲೆ ನ್ಯಾಯಸ್ಥಾನದಲ್ಲಿ ಕ್ರಮ ಜರುಗಿಸುವ ಅಧಿಕಾರವೂ ಅವಶ್ಯವೇ ಸರಿ. ಆದರೆ ಆ ಅಧಿಕಾರಕ್ಕೆ ಎಲ್ಲೆ ಯಾವುದು? ಈ ವಿಷಯದಲ್ಲಿ ಅಮೆರಿಕಾ ದೇಶದ ಸರ್ವೋಚ್ಚ ನ್ಯಾಯಾಲಯವು 2023ನೆಯ ಇಸವಿ ಮೇ 25ರಂದು ಕೊಟ್ಟ ತೀರ್ಪು ಮನನಯೋಗ್ಯವಾಗಿದೆ.

ಸಂಗತಿಯು ಹೀಗಿದೆ. ಮಿನೆಸೋಟಾ ಸಂಸ್ಥಾನದ ಹೆನೆಪಿನ್ ಜಿಲ್ಲೆಯಲ್ಲಿ ಮಹಿಳೆಯೊಬ್ಬರು 1999ರಲ್ಲಿ ಒಂದು ಸಣ್ಣ ಮನೆಯನ್ನು ಕೊಂಡಿದ್ದರು. ವೃದ್ಧಾಪ್ಯದ ಕಾರಣ 2010ರಲ್ಲಿ ಅವರು ವೃದ್ಧರ ವಸತಿಗೆ ಹೋದರು. ಅಲ್ಲಿಂದ ಮುಂದೆ ಮನೆಯ ತೆರಿಗೆಯನ್ನು ಕಟ್ಟುವವರಿಲ್ಲವಾಯಿತು. 2015ರ ವೇಳೆಗೆ ತೆರಿಗೆಯ ಅಸಲು ಸುಮಾರು 2,300 ಡಾಲರು. ಬಡ್ಡಿ, ದಂಡ, ಖರ್ಚುಗಳು ಸೇರಿ ಸುಮಾರು 13,000 ಡಾಲರು. ಆ ಸಂಸ್ಥಾನದ ಕಾನೂನಿನಂತೆ ಜಿಲ್ಲೆಯವರು ಆಸ್ತಿಯ ಮೇಲೆ ಕೋರ್ಟಿನ ತೀರ್ಪನ್ನು ಪಡೆಯುವರು. ಬಾಕಿಯನ್ನು ತೀರಿಸಿ ಬಿಡಿಸಿಕೊಳ್ಳಲು ಒಡೆಯನಿಗೆ ಮೂರು ವರ್ಷಗಳ ವಾಯಿದೆಯುಂಟು. ಅದು ಮೀರಿದರೆ ಆಸ್ತಿಯು ಸರ್ಕಾರದ್ದಾಗುವುದು. ಈ ಮನೆಯು 40,000 ಡಾಲರಿಗೆ ಮಾರಾಟವಾಯಿತು. ಸುಮಾರು 15,000 ಡಾಲರಿನ ಬಾಕಿಯನ್ನು ಮುರಿದುಕೊಂಡ ಮೇಲೆ ಮಿಕ್ಕ 25,000 ಡಾಲರು ಯಾರಿಗೆ ಸೇರತಕ್ಕದ್ದು? ತಮಗೇ ಎಂದರು ಜಿಲ್ಲೆಯವರು. ಬೇಲಿಯೇ ಎದ್ದು ಹೊಲವನ್ನು ಮೇದಂತಾಯಿತು.

ಆ ವೃದ್ಧೆಯು ಹೂಡಿದ ದಾವೆಯನ್ನು ಕೆಳಗಿನ ಎರಡು ನ್ಯಾಯಸ್ಥಾನಗಳೂ ತಳ್ಳಿಹಾಕಿದವು. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ಮಾತ್ರ ಏಕಮತದಿಂದ ಅವರ ಪಕ್ಷವನ್ನು ಎತ್ತಿಹಿಡಿದರು. ಬಾಕಿಯನ್ನು ವಸೂಲು ಮಾಡಲು ಮನೆಯನ್ನು ಮಾರುವ ಹಕ್ಕು ಸರ್ಕಾರಕ್ಕುಂಟು. ಬಾಕಿಯ ನೆವದಿಂದ ಅದಕ್ಕೆ ಮೀರಿದ ಆಸ್ತಿಯನ್ನು ಪರಿಹಾರವಿಲ್ಲದೆ ನುಂಗುವ ಹಕ್ಕಿಲ್ಲ ಎಂಬುದೇ ತೀರ್ಪಿನ ಸಾರ. ಇದು ಹೊಸ ತತ್ತ್ವವೂ ಅಲ್ಲ. 1215ರ ಮ್ಯಾಗ್ನಾ ಕಾರ್ಟಾ ಸನ್ನದಿನಷ್ಟು ಹಿಂದೆಯೇ, ರಾಜನು ಸಾಲಗಾರನ ಸೊತ್ತಿನಿಂದ ತನಗೆ ಸಲ್ಲತಕ್ಕಷ್ಟನ್ನು ಮಾತ್ರ ತೆಗೆದುಕೊಳ್ಳಬೇಕೆಂಬ ಕಟ್ಟಳೆಯಿದ್ದುದನ್ನು ನ್ಯಾಯಾಲಯವು ಸ್ಮರಿಸಿತು. ಮಿನೆಸೋಟಾದಲ್ಲಿಯೇ ಖಾಸಗಿ ಸಾಲಿಗನು ಆಸ್ತಿಯನ್ನು ಮಾರಿಸಿದಾಗ ಮಿಕ್ಕ ಹಣವು ಒಡೆಯನಿಗೆ ಸೇರುತ್ತಿದ್ದಿತು. ಸಾಹುಕಾರನಿಗೆ ವಿಧಿಸಿದ ನ್ಯಾಯವನ್ನು ಸರ್ಕಾರವು ತನಗೆ ಅನ್ವಯಿಸಿಕೊಳ್ಳದೆ ಇದ್ದುದೇ ಇಲ್ಲಿಯ ಅಕ್ರಮ.

ತೆರಿಗೆ ಕೊಡದವಳು ಮನೆಯನ್ನೇ ತ್ಯಜಿಸಿದಂತೆ ಎಂಬ ಜಿಲ್ಲೆಯವರ ವಾದವೂ ನಿಲ್ಲಲಿಲ್ಲ. ಬಡತನ, ರೋಗ, ಮುಪ್ಪುಗಳಿಂದ ಬಾಕಿಯಾದವರನ್ನು ಆಸ್ತಿ ತೊರೆದವರೆಂದು ಭಾವಿಸುವುದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ. ಆದರೆ ಅಸಲಿನ ಐದು ಮಡಿಗೂ ಮೀರಿ ಬಡ್ಡಿ ದಂಡಗಳನ್ನು ಬೆಳೆಯಗೊಟ್ಟುದು ಯುಕ್ತವೇ? ಈ ಮೊಕದ್ದಮೆಗೆ ಅವಶ್ಯವಲ್ಲವೆಂದು ವಿಪರೀತ ದಂಡದ ಪ್ರಶ್ನೆಯನ್ನು ನ್ಯಾಯಾಲಯವು ಇತ್ಯರ್ಥಪಡಿಸದೆ ಬಿಟ್ಟಿತು, ಆಡಳಿತಗಾರರು ಬಿಡುವಂತಿಲ್ಲ. ಯಾವ ದೇಶದ ಪುರಸಭೆಯೇ ಆಗಲಿ, ಜಪ್ತಿಯ ಹುಕುಮಿಗೆ ರುಜು ಹಾಕುವ ಮುನ್ನ ಬಾಕಿಯೆಷ್ಟು, ಅದು ಬೆಳೆದುದು ಹೇಗೆ, ಬಾಕಿದಾರನ ಸ್ಥಿತಿಯೇನು ಎಂಬ ಮೂರನ್ನೂ ವಿಚಾರಿಸತಕ್ಕದ್ದು. ಸಲ್ಲತಕ್ಕ ಕಾಸನ್ನು ಬಿಡದಿರುವುದು ದಕ್ಷತೆ. ಸಲ್ಲದ ಕಾಸನ್ನು ಮುಟ್ಟದಿರುವುದು ರಾಜಧರ್ಮ. ಎರಡನೆಯದನ್ನು ಮರೆತ ಆಡಳಿತಕ್ಕೆ ಮೊದಲನೆಯದನ್ನು ಕೇಳುವ ಮುಖವಿರುವುದಿಲ್ಲ.