ಟರ್ಬೊ ಬದಲಿಸುವ ಮುನ್ನ ಹೊಗೆಯ ಮೂಲ ಹುಡುಕಿ

ಘಾಟಿ ಏರುವಾಗ ಡೀಸೆಲ್ ಕಾರಿನ ಹಿಂದೆ ನೀಲಿ ಹೊಗೆ ಎದ್ದರೆ ಗ್ಯಾರೇಜಿನಲ್ಲಿ ಕೇಳಿಬರುವ ಮೊದಲ ಮಾತು ‘ಟರ್ಬೊ ಹೋಗಿದೆ’ ಎಂಬುದು. ಸಾವಿರಾರು ರೂಪಾಯಿ ತೆತ್ತು ಹೊಸದನ್ನು ಹಾಕಿಸಿದ ಕೆಲವೇ ವಾರಗಳಲ್ಲಿ ಮತ್ತದೇ ಹೊಗೆ ಕಾಣಿಸಿಕೊಂಡು ಮಾಲೀಕರು ಕಂಗಾಲಾಗುವುದೂ ಉಂಟು. ಟರ್ಬೊ ತಾನಾಗಿ ಕೆಡುವುದು ಕಡಿಮೆ. ಅದನ್ನು ಕೆಡಿಸುವ ದೋಷ ಬಹುತೇಕ ಬೇರೆಡೆ ಅಡಗಿರುತ್ತದೆ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಖಿ 1905ರಲ್ಲಿ ಪೇಟೆಂಟ್ ಪಡೆದ ಈ ಸಾಧನದ ತತ್ವ ಸರಳ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸಣ್ಣ ಕಾರುಗಳಲ್ಲಿ ಈ ದಂಡ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗಬಲ್ಲದು. ಅದನ್ನು ಕಾಯುವುದು ಆಯಿಲ್‌ನ ತೆಳು ಪದರ ಮಾತ್ರ.

ದಂಡದ ತುದಿಗಳಲ್ಲಿರುವ ಸೀಲುಗಳು ರಬ್ಬರಿನವಲ್ಲ, ತೆಳ್ಳನೆಯ ಲೋಹದ ಉಂಗುರಗಳು. ಟರ್ಬೊದೊಳಗೆ ಬಂದ ಆಯಿಲ್ ತನ್ನ ಭಾರದಿಂದಲೇ ಕೆಳಗಿನ ಸಂಪಿಗೆ ಇಳಿಯಬೇಕು. ಇಳಿಯುವ ಕೊಳವೆ ಕಟ್ಟಿದ್ದರೆ, ಅಥವಾ ಬ್ರೀದರ್ ಮುಚ್ಚಿ ಎಂಜಿನ್ನಿನೊಳಗೆ ಒತ್ತಡ ಹೆಚ್ಚಿದ್ದರೆ, ಸೀಲು ಚೆನ್ನಾಗಿದ್ದರೂ ಆಯಿಲ್ ಹೊರಚೆಲ್ಲುತ್ತದೆ. ಧೂಳು ಕಟ್ಟಿದ ಏರ್ ಫಿಲ್ಟರ್ ಕೂಡ ಗಾಳಿಯ ಬದಿಯಲ್ಲಿ ಆಯಿಲನ್ನು ಸೆಳೆಯಬಲ್ಲದು. ಹೊಸ ಟರ್ಬೊ ಹಾಕಿದರೂ ಹೊಗೆ ನಿಲ್ಲದ ಗುಟ್ಟು ಇಲ್ಲಿದೆ.

ಬಣ್ಣವನ್ನು ಗಮನಿಸಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಆದರೆ ಸವೆದ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನಿಂದಲೂ ಅದು ಬರಬಹುದು. ಕಪ್ಪು ಹೊಗೆಗೆ ಗಾಳಿಯ ಕೊರತೆ ಅಥವಾ ಹೆಚ್ಚಾದ ಇಂಧನ ಕಾರಣ. ಬಿರುಕುಬಿಟ್ಟ ಇಂಟರ್‌ಕೂಲರ್ ಪೈಪನ್ನು ಮೊದಲು ನೋಡಬೇಕು. ಬಿಡದೆ ಬರುವ ಬಿಳಿ ಹೊಗೆಗೂ ಟರ್ಬೊಗೂ ಸಾಮಾನ್ಯವಾಗಿ ನಂಟಿಲ್ಲ. ಕೂಲೆಂಟ್ ಅಥವಾ ಇಂಜೆಕ್ಟರ್ ಕಡೆ ಗಮನ ಹರಿಸಬೇಕು.

ಎಂಜಿನ್ ತಣ್ಣಗಾದ ಮೇಲೆ ಗಾಳಿಯ ಪೈಪು ಕಳಚಿ ನೋಡಿ. ಒಳಗೆ ತೆಳುವಾದ ಆಯಿಲ್ ಪಸೆ ಸಹಜ. ಮಡುಗಟ್ಟಿ ನಿಂತಿದ್ದರೆ ಅಲ್ಲ. ದಂಡವನ್ನು ಬೆರಳಿನಿಂದ ಅಲುಗಿಸಿ: ಅಡ್ಡಕ್ಕೆ ತುಸು ಆಡಿದರೆ ಚಿಂತೆಯಿಲ್ಲ, ಹಿಂದೆ ಮುಂದೆ ಸರಿಯುವುದು ಕೈಗೆ ತಿಳಿಯುವಂತಿದ್ದರೆ ಅಥವಾ ರೆಕ್ಕೆಗಳು ಕವಚಕ್ಕೆ ಉಜ್ಜಿದ ಗುರುತಿದ್ದರೆ ಟರ್ಬೊ ಆಯುಷ್ಯ ಮುಗಿದಂತೆಯೇ.

ಬದಲಿಸುವುದು ಅನಿವಾರ್ಯವಾದರೆ ಆಯಿಲ್ ಒಳಬರುವ ಕೊಳವೆಯನ್ನೂ ಬದಲಿಸುವುದು ಲೇಸು. ಅದರೊಳಗೆ ಸುಟ್ಟು ಕರಿಕಟ್ಟಿದ ಆಯಿಲ್ ಹೊಸ ಟರ್ಬೊವನ್ನೂ ಒಣಗಿಸಿ ಕೊಲ್ಲುತ್ತದೆ. ಇಂಟರ್‌ಕೂಲರಿನಲ್ಲಿ ನಿಂತ ಆಯಿಲ್ ತೆಗೆದು, ಫಿಲ್ಟರ್ ಬದಲಿಸಿ, ಸ್ಟಾರ್ಟ್ ಮಾಡುವ ಮುನ್ನ ಟರ್ಬೊಗೆ ಶುದ್ಧ ಆಯಿಲ್ ಉಣಿಸಬೇಕು. ದುಡ್ಡು ಉಳಿಸಲು ಬಹಳ ಗ್ಯಾರೇಜುಗಳು ಕೈಬಿಡುವ ಕೆಲಸ ಇದೇ.

ನೀಲಿ ಹೊಗೆಯನ್ನು ಕಡೆಗಣಿಸಿ ಓಡಿಸುವುದು ಅಪಾಯಕರ. ಸೋರಿದ ಆಯಿಲನ್ನೇ ಇಂಧನವಾಗಿಸಿಕೊಂಡು ಡೀಸೆಲ್ ಎಂಜಿನ್ ಹಿಡಿತ ತಪ್ಪಿ ಓಡಬಹುದು. ಆಗ ಕೀಲಿ ತೆಗೆದರೂ ನಿಲ್ಲದು. ಮ್ಯಾನ್ಯುಯಲ್ ಗೇರಿನ ಕಾರಾದರೆ ನಿಲ್ಲಿಸಿ, ಅತಿ ಮೇಲಿನ ಗೇರಿಗೆ ಹಾಕಿ, ಬ್ರೇಕನ್ನು ಬಲವಾಗಿ ತುಳಿದು ಕ್ಲಚ್ ಬಿಟ್ಟರೆ ಎಂಜಿನ್ ಉಸಿರುಗಟ್ಟಿ ನಿಲ್ಲುವ ಸಾಧ್ಯತೆ ಇದೆ. ಆಟೊಮ್ಯಾಟಿಕ್ ಕಾರಿನಲ್ಲಿ ಆ ಅವಕಾಶವಿಲ್ಲ. ಎಲ್ಲರನ್ನೂ ಇಳಿಸಿ ದೂರ ಸರಿಯಬೇಕು.