ಬಚ್ಚಲೊಲೆ ಮುನಿದಾಗ

ಮಲೆನಾಡಿನ ಗೃಹಕೃತ್ಯದಲ್ಲಿ ದಿನದ ಮೊದಲ ಕೆಲಸವೆಂದರೆ ಬಚ್ಚಲೊಲೆಗೆ ಉರಿ ಕೊಡುವುದು. ಅಡುಗೆಮನೆಗೆ ಅನಿಲದ ಸಿಲಿಂಡರ್ ಬಂದು ದಶಕಗಳೇ ಕಳೆದಿವೆ. ೨೦೧೬ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಬಡವರ ಮನೆಗಳಿಗೂ ಅದು ತಲುಪಿದೆ. ಆದರೂ ಎಷ್ಟೋ ಮನೆಗಳಲ್ಲಿ ಬಚ್ಚಲಿನ ಹಂಡೆಯ ಕೆಳಗೆ ಇಂದಿಗೂ ಉರಿಯುತ್ತಿರುವುದು ಕಟ್ಟಿಗೆಯೇ. ತೋಟವುಳ್ಳವರಿಗೆ ಸೋಗೆ, ಹಾಳೆ, ಗೆರಟೆ, ಅಡಿಕೆ ಸಿಪ್ಪೆಗಳು ಬೆಲೆಯಿಲ್ಲದೆ ದೊರೆಯುತ್ತವೆ. ಹಣ ತೆತ್ತು ತಂದ ೧೪.೨ ಕಿಲೋ ಅನಿಲವನ್ನು ಸ್ನಾನದ ನೀರಿಗಾಗಿ ಸುಡಲು ಗೃಹಿಣಿಯರಿಗೆ ಮನಸ್ಸು ಬಾರದು. ಸ್ನಾನ ಮುಗಿಸಿ, ವಿಭೂತಿ ಧರಿಸಿ, ಲಿಂಗಪೂಜೆಗೆ ಕೂಡುವ ಮನೆಗಳಲ್ಲಿ ಬಚ್ಚಲೊಲೆ ತಡವಾಯಿತೆಂದರೆ ಇಡೀ ದಿನದ ಕ್ರಮವೇ ತಡವಾದಂತೆ.

ಈ ಒಲೆಯ ಕಷ್ಟವನ್ನು ಅರಿಯಬೇಕಾದರೆ ಹುಲಿಕಲ್ ಸೀಮೆಗೆ ಮಳೆಗಾಲದಲ್ಲಿ ಹೋಗಬೇಕು. ಹೊಸನಗರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಘಾಟಿಯ ನೆತ್ತಿಯ ಮೇಲೆ ಇರುವ ಊರು ಅದು. ಅರಬ್ಬೀ ಸಮುದ್ರದಿಂದ ಎದ್ದ ಮೋಡ ಘಟ್ಟವನ್ನು ಏರುವಾಗ ತನ್ನ ಭಾರವನ್ನೆಲ್ಲ ಇಲ್ಲಿಯೇ ಇಳಿಸುತ್ತದೆ. ವರ್ಷದ ಮಳೆ ೫೦೦೦ ಮಿಲಿಮೀಟರನ್ನು ದಾಟುವುದು ಇಲ್ಲಿ ವಿಶೇಷವೇನೂ ಅಲ್ಲ. ಜುಲೈ ತಿಂಗಳ ಪತ್ರಿಕೆಗಳಲ್ಲಿ ಮಳೆಯ ಲೆಕ್ಕ ಬಂದಾಗ ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ ಎಂಬ ಹೆಸರುಗಳನ್ನು ವಾಚಕರು ಕಂಡಿರಬಹುದು. ಮಾಣಿ ಜಲಾಶಯದ ನೀರಿನಿಂದ ಘಟ್ಟದ ಬುಡದ ಹೊಸಂಗಡಿಯಲ್ಲಿ ವಾರಾಹಿ ಭೂಗರ್ಭ ವಿದ್ಯುದಾಗಾರ ನಡೆಯುತ್ತದೆ. ಅದರ ಸಾಮರ್ಥ್ಯ ೪೬೦ ಮೆಗಾವಾಟ್. ಆದರೆ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಅದೇ ಸೀಮೆಯ ಮನೆಗಳಲ್ಲಿ ಕತ್ತಲೆ. ಗೀಸರು ಹಾಕಿಸಿದವರೂ ಆಗ ಹಳೆಯ ಒಲೆಯ ಮುಂದೆಯೇ ಕುಕ್ಕರಗಾಲಿನಲ್ಲಿ ಕೂಡಬೇಕು. ಒಲೆ ಮುನಿಯುವುದೂ ಸರಿಯಾಗಿ ಆ ದಿನಗಳಲ್ಲಿಯೇ. ಆರಿದ್ರ, ಪುನರ್ವಸು ಮಳೆಗಳ ಹೊತ್ತಿಗೆ ಉರಿ ಹತ್ತುವುದಿಲ್ಲ, ಹತ್ತಿದರೂ ನಿಲ್ಲುವುದಿಲ್ಲ, ಹೊಗೆಯೆಲ್ಲ ಊದುವವರ ಮುಖಕ್ಕೇ ಮರಳುತ್ತದೆ.

ಇಂತಹ ಸಮಯದಲ್ಲಿ ಜನರು ಮೊದಲು ಕಟ್ಟಿಗೆಯನ್ನು ಬೈಯುತ್ತಾರೆ. ಅನಂತರ ಒಲೆ ಕಟ್ಟಿದವನನ್ನು ಬೈಯುತ್ತಾರೆ. ಕೊನೆಗೆ ಒಲೆಯನ್ನು ಒಡೆಯುತ್ತಾರೆ. ನಾವು ಕಂಡ ಹತ್ತಾರು ಮನೆಗಳಲ್ಲಿ ಒಡೆಯಬೇಕಾದ ಒಲೆ ಇದ್ದುದು ಬಹಳ ವಿರಳ. ದೋಷವಿದ್ದುದು ಒಲೆಯಲ್ಲಲ್ಲ, ಗಾಳಿಯ ಹಾದಿಯಲ್ಲಿ.

ಒಲೆ ಉರಿಯುವ ಬಗೆ ಇಷ್ಟೆ. ಬಿಸಿಯಾದ ಗಾಳಿ ಹಗುರವಾಗುತ್ತದೆ, ಮೇಲೇರುತ್ತದೆ. ಹೊಗೆಕೊಳವೆಯೊಳಗೆ ಅದು ಏರಿದಾಗ ತೆರವಾದ ಜಾಗಕ್ಕೆ ಒಲೆಯ ಬಾಯಿಂದ ಹೊಸ ಗಾಳಿ ನುಗ್ಗುತ್ತದೆ. ಈ ಸೆಳೆತವೇ ಒಲೆಯ ಉಸಿರು. ಕೊಳವೆ ಎತ್ತರವಾದಷ್ಟೂ, ಒಳಗಿನ ಹೊಗೆ ಹೊರಗಿನ ಗಾಳಿಗಿಂತ ಬಿಸಿಯಾದಷ್ಟೂ ಸೆಳೆತ ಹೆಚ್ಚು. ಗಾಳಿ ಒಳಗೆ ಬರುವ ಬಾಗಿಲು, ಹೊಗೆ ಹೊರಗೆ ಹೋಗುವ ಬಾಗಿಲು, ಇವೆರಡರಲ್ಲಿ ಯಾವುದೊಂದು ಮುಚ್ಚಿದರೂ ಒಣ ಕಟ್ಟಿಗೆಯೂ ಹೊಗೆಯುತ್ತದೆ. ಅಮೆರಿಕದಂತಹ ಶೀತದೇಶಗಳಲ್ಲಿ ನೆಲೆಸಿರುವ ನಮ್ಮವರ ಮಕ್ಕಳ ಮನೆಗಳಲ್ಲಿ ನೆಲಮಾಳಿಗೆಯ ಅನಿಲದ ಕುಲುಮೆ ಇಡೀ ಮನೆಯನ್ನು ಬೆಚ್ಚಗಿಡುತ್ತದೆ. ಅದು ನಿಂತಾಗಲೂ ಮೊದಲು ನೋಡುವವುಗಳಲ್ಲಿ ಗಾಳಿ ಸೋಸುವ ಜಾಲರಿ ಕಟ್ಟಿದೆಯೇ, ಹೊಗೆ ಹೋಗುವ ಕೊಳವೆ ತೆರೆದಿದೆಯೇ ಎಂಬ ಎರಡು ಸಂಗತಿಗಳಿವೆ. ಯಂತ್ರ ಬೇರೆ, ನ್ಯಾಯ ಒಂದೇ.

ಹೊಗೆಕೊಳವೆಯುಳ್ಳ ಒಲೆ ಕರ್ನಾಟಕದ ಹಳ್ಳಿಗಳಿಗೆ ವ್ಯಾಪಕವಾಗಿ ಬಂದ ಕಥೆಯನ್ನು ಇಲ್ಲಿ ಸ್ವಲ್ಪ ಸ್ಮರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಅಗತ್ಯಗಳಿಗೆ ತರುವುದು ಅದರ ಉದ್ದೇಶ. ಅಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ಗೆ ಒಂದೇ ಉರಿಯ ಮೇಲೆ ಮೂರು ಪಾತ್ರೆ ಇಡುವ ಸೌಕರ್ಯ, ಕಟ್ಟಿಗೆಯ ಅಡಿಯಲ್ಲಿ ಗಾಳಿಯಾಡಲು ಕಬ್ಬಿಣದ ಜಾಲರಿ, ಹಿಂದುಗಡೆ ಹೊಗೆಕೊಳವೆ. ೧೯೮೩ರಲ್ಲಿ ಕೇಂದ್ರ ಸರ್ಕಾರವು ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಹಮ್ಮಿಕೊಂಡಾಗ ಇಂತಹ ಒಲೆಗಳು ಮನೆಮನೆಗೆ ನಡೆದವು. ಆ ಕಾರ್ಯಕ್ರಮ ೨೦೦೨ರಲ್ಲಿ ನಿಂತಿತು. ಒಲೆಯ ವಿನ್ಯಾಸದಲ್ಲಿ ನಾವು ದೋಷವೆಣಿಸುವುದಿಲ್ಲ. ಆದರೆ ಕಟ್ಟುವುದನ್ನು ಕಲಿಸಿದಷ್ಟು ಶ್ರದ್ಧೆಯಿಂದ ಕೊಳವೆ ಶುಚಿಮಾಡುವುದನ್ನು ಮನೆಯ ಹೆಂಗಸರಿಗೆ ಕಲಿಸಿದವರು ಕಡಿಮೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೊಳವೆ ಕಟ್ಟಿತು, ಹೊಗೆ ಹಿಂದಕ್ಕೆ ಬಂತು, ‘ಸರ್ಕಾರಿ ಒಲೆ ಕೆಟ್ಟಿತು’ ಎಂದು ಒಡೆದು ಹಾಕಿದರು. ಕೆಟ್ಟದ್ದು ಒಲೆಯಲ್ಲ ಎಂದು ಹೇಳುವವರು ಆ ಹೊತ್ತಿಗೆ ಊರಿನಲ್ಲಿರಲಿಲ್ಲ.

ಬಚ್ಚಲೊಲೆ ಮುನಿದಾಗ ಮೊದಲು ಮಾಡಬೇಕಾದ ಪರೀಕ್ಷೆಗೆ ಒಂದು ಊದುಬತ್ತಿ ಸಾಕು. ಒಲೆ ತಣ್ಣಗಿರುವಾಗ ಬೂದಿಯನ್ನೆಲ್ಲ ತೆಗೆದು, ಒಂದೆರಡು ಒಣ ಹಾಳೆಯ ತುಂಡುಗಳನ್ನು ಕೊಳವೆಯ ಬುಡದ ಹತ್ತಿರ ಉರಿಸಿ, ಒಲೆಯ ಬಾಯಿಗೆ ಊದುಬತ್ತಿಯನ್ನು ಹಿಡಿಯಬೇಕು. ಅದರ ಹೊಗೆಯೆಳೆ ಒಳಕ್ಕೆ ಬಾಗಿದರೆ ಹಾದಿ ತೆರೆದಿದೆ. ನೆಟ್ಟಗೆ ನಿಂತರೆ ಅಥವಾ ಹೊರಕ್ಕೆ ಬಾಗಿದರೆ ಹಾದಿ ಕಟ್ಟಿದೆ. ಆಗ ಬಚ್ಚಲುಮನೆಯ ಬಾಗಿಲನ್ನೋ ಕಿಟಕಿಯನ್ನೋ ತೆರೆದು ಮತ್ತೆ ಹಿಡಿಯಬೇಕು. ಈಗ ಎಳೆ ಒಳಕ್ಕೆ ಬಾಗಿದರೆ ದೋಷ ಕೊಳವೆಯಲ್ಲಿಲ್ಲ. ಮನೆಯೊಳಗೆ ಗಾಳಿ ಬರಲು ದಾರಿಯಿಲ್ಲ ಎಂದರ್ಥ. ಹಿಂದೆ ಇರಿಚಲು ತಡೆಯಲು ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಸೋಗೆ ನೀರನ್ನು ತಡೆದರೂ ಗಾಳಿಯನ್ನು ಪೂರ್ತಿ ತಡೆಯುತ್ತಿರಲಿಲ್ಲ. ಈಗ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊಡೆಯುತ್ತಾರೆ. ಮನೆ ಬೆಚ್ಚಗಾಗುತ್ತದೆ, ಒಲೆ ಉಸಿರುಗಟ್ಟುತ್ತದೆ. ಒಲೆಯೊಂದೇ ಅಲ್ಲ, ಮನುಷ್ಯರ ಉಸಿರಿಗೂ ಅದು ಕಂಟಕವೆಂಬುದನ್ನು ಮುಂದೆ ಹೇಳುತ್ತೇವೆ.

ಬಾಗಿಲು ತೆರೆದರೂ ಎಳೆ ಒಳಕ್ಕೆ ಬಾಗದಿದ್ದರೆ ಕೊಳವೆಯನ್ನು ನೋಡಬೇಕು. ಅಡುಗೆಮನೆಯ ಮಾಡಿನಲ್ಲಿ ಜೋಲುವ ಇಲ್ಲಣವನ್ನು ಎಲ್ಲರೂ ಬಲ್ಲರು. ಕೊಳವೆಯ ಒಳಗೆ ಅದೇ ಇಲ್ಲಣ ಹಸಿ ಕಟ್ಟಿಗೆಯ ಹೊಗೆಯೊಂದಿಗೆ ಸೇರಿ ಡಾಂಬರಿನಂತೆ ಗೋಡೆಗೆ ಅಂಟುತ್ತದೆ. ನಾಲ್ಕು ಅಂಗುಲದ ಕೊಳವೆ ಎರಡು ಅಂಗುಲವಾಗುತ್ತದೆ. ಮೇಲಿನ ಟೋಪಿ ಗಾಳಿಗೆ ಹಾರಿಹೋಗಿದ್ದರೆ ಮಳೆನೀರು ಒಳಗಿಳಿದು ಮಸಿಯನ್ನು ಕೆಸರು ಮಾಡುತ್ತದೆ. ಕೆಲವು ಮನೆಗಳಲ್ಲಿ ಹಕ್ಕಿಯ ಗೂಡು, ಇನ್ನು ಕೆಲವೆಡೆ ಉದುರಿದ ಎಲೆ. ಶುಚಿಗೊಳಿಸುವುದಕ್ಕೆಂದು ಮಳೆಯಲ್ಲಿ ಮಾಡಿನ ಮೇಲೆ ಹತ್ತುವ ಸಾಹಸ ಬೇಡವೇ ಬೇಡ. ಪಾಚಿ ಕಟ್ಟಿದ ಹೆಂಚಿನ ಮೇಲೆ ಕಾಲು ನಿಲ್ಲುವುದಿಲ್ಲ. ಕೊಳವೆಯ ಬುಡದಲ್ಲಿ ಒಂದು ಇಟ್ಟಿಗೆಯಷ್ಟು ಕಂಡಿ ಬಿಟ್ಟು ಮುಚ್ಚಳ ಇಟ್ಟುಕೊಂಡರೆ, ಉದ್ದನೆಯ ಬಿದಿರಿಗೆ ತೆಂಗಿನ ನಾರನ್ನು ಕಟ್ಟಿ ಕೆಳಗಿನಿಂದಲೇ ಉಜ್ಜಬಹುದು. ರೋಹಿಣಿ ಮಳೆಗೆ ಮುನ್ನ ಮೇಲಿನಿಂದ ಒಮ್ಮೆ, ಮಳೆಗಾಲದ ನಡುವೆ ಕೆಳಗಿನಿಂದ ಒಮ್ಮೆ. ಹಳೆಯ ಕೊಳವೆಗಳಲ್ಲಿ ಅನೇಕವು ಕಲ್ನಾರಿನ ಸಿಮೆಂಟಿನವು. ಅವನ್ನು ಒಣಗಿದಾಗ ಕೆರೆಯುವುದು, ಗರಗಸದಿಂದ ಕುಯ್ಯುವುದು ಸಲ್ಲದು. ಆ ಧೂಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ಮೇಲೆ ಕೇಡು ಮಾಡುತ್ತದೆ. ನೀರು ಚಿಮುಕಿಸಿ ಮೆಲ್ಲನೆ ಉಜ್ಜಬೇಕು. ಒಡೆದಿದ್ದರೆ ಬದಲಾಯಿಸುವುದೇ ಲೇಸು.

ಕೊಳವೆ ಶುಚಿಯಾಗಿದ್ದೂ ಹೊಗೆ ಮರಳಿದರೆ ಗಾಳಿಯ ದಿಕ್ಕನ್ನು ನೋಡಬೇಕು. ಹುಲಿಕಲ್ಲಿನಲ್ಲಿ ಮುಂಗಾರಿನ ಗಾಳಿ ಪಡುವಣದಿಂದ ಘಟ್ಟವೇರಿ ಬರುತ್ತದೆ. ಖರ್ಚು ಉಳಿಸಲು ಕೊಳವೆಯನ್ನು ಪಡುವಣ ಗೋಡೆಯ ಮೂಲಕ ಅಡ್ಡಲಾಗಿ ಹೊರಗೆ ಚಾಚಿದ ಮನೆಗಳಿವೆ. ಬೇಸಿಗೆಯಲ್ಲಿ ಅವು ಚೆನ್ನಾಗಿಯೇ ಉರಿಯುತ್ತವೆ. ಆಷಾಢದಲ್ಲಿ ಗಾಳಿಯೇ ಹೊಗೆಯನ್ನು ಒಳಕ್ಕೆ ದೂಡುತ್ತದೆ. ಕೊಳವೆ ನೆಟ್ಟಗೆ ಮೇಲೇರಿ, ಹತ್ತಿರದ ಮಾಡಿನ ತುದಿಗಿಂತ ಎರಡು ಅಡಿಯಾದರೂ ಮೇಲೆ ನಿಲ್ಲಬೇಕು. ಟೋಪಿ ಕೊಳವೆಯ ಬಾಯಿಗೆ ತೀರ ಅಂಟಿಕೊಂಡಿದ್ದರೂ ಹೊಗೆಗೆ ದಾರಿಯಿಲ್ಲ.

ಇಷ್ಟಾದ ಮೇಲೆ ಕಟ್ಟಿಗೆಯ ವಿಚಾರ. ಆಗತಾನೆ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ಹತ್ತು ಕಿಲೋ ಹಸಿ ಕಟ್ಟಿಗೆ ಒಲೆಗಿಟ್ಟರೆ ಐದು ಕಿಲೋ ನೀರನ್ನು ಆವಿ ಮಾಡಬೇಕು. ಒಂದು ಕಿಲೋಗೆ ಸುಮಾರು ೬೦೦ ಕಿಲೋ ಕ್ಯಾಲೊರಿಯಂತೆ ಅದಕ್ಕೆ ಹೋಗುವ ಶಾಖದಲ್ಲಿ ನೂರು ಲೀಟರಿಗೂ ಮೀರಿದ ನೀರನ್ನು ೨೫ ಡಿಗ್ರಿಯಷ್ಟು ಬಿಸಿ ಮಾಡಬಹುದಾಗಿತ್ತು. ಅಂದರೆ ಮನೆಮಂದಿಯ ಸ್ನಾನದ ನೀರು ಕೊಳವೆಯ ಮೂಲಕ ಮೋಡ ಸೇರಿತು! ಚೈತ್ರ ವೈಶಾಖಗಳಲ್ಲಿ ಕಟ್ಟಿಗೆ ಸೀಳಿ, ಕೊಟ್ಟಿಗೆಯಲ್ಲಿ ನೆಲದಿಂದ ಮೇಲೆ ಒಟ್ಟುವ ನಮ್ಮ ಹಿರಿಯರ ಪದ್ಧತಿಗೆ ಈ ಲೆಕ್ಕವೇ ಆಧಾರ. ನಾಳೆಯ ಕಟ್ಟಿಗೆಯನ್ನು ಇಂದಿನ ಒಲೆಯ ಬದಿಯಲ್ಲಿ, ಕಿಡಿ ತಾಗದಷ್ಟು ದೂರದಲ್ಲಿ ಇಡುವುದೂ ಒಳ್ಳೆಯದೇ. ಮಠದ ದಾಸೋಹದ ಮನೆಗಳಲ್ಲಿ ಸಾವಿರ ಜನಕ್ಕೆ ಅಡುಗೆ ಮಾಡುವವರು ಕಟ್ಟಿಗೆಯನ್ನು ಒಂದಕ್ಕೊಂದು ತಟ್ಟಿ ಸದ್ದು ಕೇಳುವುದನ್ನು ನಾವು ಬಾಲ್ಯದಿಂದ ನೋಡಿದ್ದೇವೆ. ಟಣ್ ಎಂದರೆ ಒಣಗಿದ್ದು, ಮಂದವಾಗಿ ಸದ್ದು ಬಂದರೆ ಹಸಿ.

ಉರಿ ಹತ್ತದೆ ಬೇಸತ್ತು ಪ್ಲಾಸ್ಟಿಕ್ ಚೀಲ, ರಬ್ಬರಿನ ಚೂರುಗಳನ್ನು ಒಲೆಗೆ ಹಾಕುವುದು ಮನೆಮನೆಯ ರೂಢಿಯಾಗಿದೆ. ಅದರ ಹೊಗೆ ವಿಷ. ಸೀಮೆಎಣ್ಣೆ, ಪೆಟ್ರೋಲು ಸುರಿಯುವುದಂತೂ ಸೀರೆಯ ಸೆರಗಿಗೆ ತಾನೇ ಬೆಂಕಿ ಕೊಟ್ಟಂತೆ. ಒಣ ಗೆರಟೆ, ಹಾಳೆಯ ಸೀಳುಗಳನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಎಂತಹ ಮಳೆಯಲ್ಲಿಯೂ ಉರಿ ಹತ್ತುತ್ತದೆ.

ಈಗ ಮನುಷ್ಯರ ಉಸಿರಿನ ಮಾತು. ಗಾಳಿ ಸಾಲದ ಉರಿಯಿಂದ, ವಿಶೇಷವಾಗಿ ನಿಗಿನಿಗಿ ಕೆಂಡದಿಂದ, ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ನೆತ್ತರಿನ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಮನೆಯೊಳಗೆ ಈ ಅನಿಲದ ಎಚ್ಚರಿಕೆಯ ಗಂಟೆ ಇರಬೇಕೆಂದು ಕಾನೂನೇ ಇದೆ. ನಮ್ಮ ಬಚ್ಚಲುಮನೆಗೆ ಅಂತಹ ಗಂಟೆಯಿಲ್ಲ. ನಗರದ ಮನೆಗಳಲ್ಲಿ ಮುಚ್ಚಿದ ಬಚ್ಚಲಿನೊಳಗೆ ಗ್ಯಾಸ್ ಗೀಸರು ಉರಿಸಿ ಜನ ಸತ್ತ ಸುದ್ದಿಯನ್ನು ಮತ್ತೆ ಮತ್ತೆ ಓದುತ್ತೇವೆ. ಮಲೆನಾಡಿನಲ್ಲಿ ಈ ಅಪಾಯ ಹೆಚ್ಚಾಗಿ ಬಾಣಂತಿಯ ಹತ್ತಿರ ಬರುತ್ತದೆ. ಅವಳಿಗೆ ಹಂಡೆಗಟ್ಟಲೆ ಬಿಸಿನೀರು ಬೇಕು, ಸ್ನಾನವಾದ ಮೇಲೆ ಕೆಂಡದ ಕಾವು ಬೇಕು, ಥಂಡಿ ತಾಗಬಾರದೆಂದು ಬಾಗಿಲು ಕಿಟಕಿಗಳ ಸಂದೆಲ್ಲ ಮುಚ್ಚಬೇಕು.

ಹುಲಿಕಲ್ಲಿಗೆ ಸಮೀಪದ ಒಂದು ಮನೆಯಲ್ಲಿ ಹೀಗೆಯೇ ಆಯಿತು. ಒಲೆ ಸರಿಯಾಗಿ ಉರಿಯದೆ ವಾರವಾಗಿತ್ತು. ಸ್ನಾನ ಮಾಡಿಸುತ್ತಿದ್ದ ಅತ್ತೆಗೆ ತಲೆನೋವು, ಸೊಸೆಗೆ ಕಣ್ಣು ಕತ್ತಲೆ. ದೃಷ್ಟಿಯಾಯಿತೆಂದು ನಿವಾಳಿಸಿದರು. ಮೂರನೆಯ ದಿನ ಸೊಸೆ ಬಚ್ಚಲಿನಲ್ಲಿಯೇ ಕುಸಿದಳು. ಹಾಲು ತಂದ ಪಕ್ಕದ ಮನೆಯಾಕೆ ಬಾಗಿಲು ನೂಕಿದ್ದರಿಂದ ತಾಯಿಯೂ ಮಗುವೂ ಉಳಿದರು. “ಶಾಸ್ತ್ರಿಗಳೇ, ಬಾಣಂತಿಗೆ ಗಾಳಿ ಹೊಡೀಬಾರದು ಅಂತ ನಾನೇ ಕೈಯಾರೆ ಪ್ಲಾಸ್ಟಿಕ್ ಕಟ್ಟಿದ್ದು” ಎಂದು ಆ ಹಿರಿಯಾಕೆ ನಮ್ಮೆದುರು ಅತ್ತರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ನಾವು ಊದುಬತ್ತಿ ಹಿಡಿದು ನೋಡಿದಾಗ ಹೊಗೆಯೆಳೆ ಕದಲಲಿಲ್ಲ. ಪ್ಲಾಸ್ಟಿಕ್ಕನ್ನು ಒಂದು ಗೇಣು ಸರಿಸಿದೊಡನೆ ಒಲೆಯ ಬಾಯಿಗೆ ಬಾಗಿತು.

ಆದುದರಿಂದ ಬಚ್ಚಲುಮನೆಯಲ್ಲಿ ಮಾಡಿನ ಕೆಳಗೆ ಒಂದು ಕಂಡಿ, ನೆಲದ ಹತ್ತಿರ ಒಂದು ಕಂಡಿ ಸದಾ ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗುವ ರೂಢಿಯನ್ನು ಬಿಡಬೇಕು. ಒಲೆ ಉರಿಯುವಾಗ ಇಬ್ಬರಿಗೆ ಒಟ್ಟಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ಕಾರಣ ಹುಡುಕುತ್ತ ಕೂಡದೆ ಎಲ್ಲರನ್ನೂ ಮೊದಲು ಹೊರಗೆ ತಂದು, ಅನಂತರ ೧೦೮ಕ್ಕೆ ಕರೆ ಮಾಡಬೇಕು.

ಒಲೆಯಲ್ಲಿಯೇ ದೋಷವಿರುವ ಸಂದರ್ಭಗಳು ಎರಡು. ಹಂಡೆಯ ತಳ ಸವೆದು ಸೂಜಿಮೊನೆಯಷ್ಟು ತೂತಾಗಿದ್ದರೆ ನೀರು ಜಿನುಗಿ ಉರಿಯನ್ನು ನಂದಿಸುತ್ತದೆ; ರಾತ್ರಿ ಹಂಡೆ ತುಂಬಿಸಿಟ್ಟು ಬೆಳಿಗ್ಗೆ ಬೂದಿ ಒದ್ದೆಯಾಗಿದೆಯೇ ಎಂದು ನೋಡಿದರೆ ತಿಳಿಯುತ್ತದೆ. ಅದನ್ನು ಬೆಸುಗೆಯವರಿಗೆ ಕೊಡಬೇಕು. ಇನ್ನೊಂದು, ಹಂಡೆಯ ಸುತ್ತಲಿನ ಮಣ್ಣು ಬಿರುಕು ಬಿಡುವುದು. ಬಿರುಕಿನಿಂದ ಗಾಳಿ ಒಳಸೇರಿ ಕೊಳವೆಯ ಸೆಳೆತ ಕುಗ್ಗುತ್ತದೆ. ಇದಕ್ಕೆ ಸಿಮೆಂಟ್ ಮೆತ್ತಿದರೆ ಶಾಖಕ್ಕೆ ಮತ್ತೆ ಸೀಳುತ್ತದೆ. ಹುತ್ತದ ಮಣ್ಣಿಗೆ ಭತ್ತದ ಹೊಟ್ಟು, ಸೆಗಣಿ ಸೇರಿಸಿ ಒಂದು ರಾತ್ರಿ ಕಳಿಯಲು ಬಿಟ್ಟು, ಬಿರುಕನ್ನು ನೀರಿನಿಂದ ನೆನೆಸಿ ಮೆತ್ತಬೇಕು. ಮೆತ್ತಿದ ದಿನವೇ ದೊಡ್ಡ ಉರಿ ಹಾಕಬಾರದು. ಹಂಡೆಗೆ ಅರ್ಧ ನೀರು ಬಿಟ್ಟು, ಎರಡು ದಿನ ಗೆರಟೆಯ ಸಣ್ಣ ಉರಿಯಲ್ಲಿ ಮಣ್ಣನ್ನು ಆರಿಸಿ, ಮೂರನೆಯ ದಿನ ಎಂದಿನಂತೆ ಕಟ್ಟಿಗೆ ಇಡಬಹುದು.