ಮುಖದ ಅಳತೆ, ಹಲ್ಲಿನ ನಕ್ಷೆ

“ಮುಖ ನೋಡಿ ಮಣೆ ಹಾಕು” ಎಂಬುದು ನಮ್ಮಲ್ಲಿ ಹಳೆಯ ಗಾದೆ. ಮುಖವನ್ನು ಕಂಡು ಮನುಷ್ಯನ ಯೋಗ್ಯತೆಯನ್ನು ಅಳೆಯುವುದು ಸರಿಯೋ ತಪ್ಪೋ, ಅದು ನೀತಿಶಾಸ್ತ್ರದ ಮಾತು. ಮುಖವನ್ನೇ ಅಳೆಯುವುದು ಹೇಗೆ, ಬಾಯೊಳಗಿನ ಹಲ್ಲಿನ ಸಾಲನ್ನು ಇದ್ದದ್ದು ಇದ್ದಂತೆ ನಕ್ಷೆಗಿಳಿಸುವುದು ಹೇಗೆ ಎಂಬುದು ಮಾತ್ರ ವಿಜ್ಞಾನದ ಪ್ರಶ್ನೆ. ವಕ್ರದಂತ ಚಿಕಿತ್ಸೆ, ಅಂದರೆ ಆರ್ಥೋಡಾಂಟಿಕ್ಸ್ ಎಂಬ ವೈದ್ಯಶಾಖೆ ಈ ಪ್ರಶ್ನೆಗೆ ಕಂಡುಕೊಂಡಿರುವ ಉತ್ತರವೇ ಮೂರು ಆಯಾಮಗಳ ಸ್ಕ್ಯಾನಿಂಗ್. ಕಲಾವಿಭಾಗದವರಾದ ನಮಗೆ ಇದರ ಗೊಡವೆ ಏಕೆಂದು ಗೆಳೆಯರು ಕೇಳಬಹುದು. ಇದರಲ್ಲಿ ಇತಿಹಾಸವಿದೆ, ಭೂಗೋಳವಿದೆ, ಶಿಲ್ಪಕಲೆಯೂ ಇದೆ.

ಮೊದಲು, ಹಲ್ಲು ವಕ್ರವಾಗುವುದೇಕೆಂದು ನೋಡೋಣ. ಹಳ್ಳಿಗಳಲ್ಲಿ ಇದನ್ನು ಹಣೆಬರಹವೆಂದು ತಳ್ಳಿಹಾಕುವುದುಂಟು. ಬಿದ್ದ ಹಾಲುಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆದರೆ ಒಳ್ಳೆಯ ಹಲ್ಲು ಹುಟ್ಟುವುದೆಂದು ನಮ್ಮ ಅಜ್ಜಿ ನಂಬಿದ್ದರು. ಶಾಸ್ತ್ರ ಹೇಳುವ ಕಾರಣಗಳು ಬೇರೆ. ದವಡೆ ಚಿಕ್ಕದಾಗಿ ಹಲ್ಲು ದೊಡ್ಡದಾದರೆ ಹಲ್ಲುಗಳು ಒಂದರ ಮೇಲೊಂದು ಏರುತ್ತವೆ. ಮೇಲ್ದವಡೆ ಮುಂದೆ ಬಂದು ಕೆಳದವಡೆ ಹಿಂದುಳಿದರೆ ಉಬ್ಬುಹಲ್ಲಾಗುತ್ತದೆ. ಬೆರಳು ಚೀಪುವ ಅಭ್ಯಾಸ ಬಹುಕಾಲ ಉಳಿದರೂ ಮುಂದಿನ ಹಲ್ಲು ಹೊರಕ್ಕೆ ಚಾಚುತ್ತದೆ. ಹಾಲುಹಲ್ಲು ಹುಳುಕು ಹಿಡಿದು ಕಾಲಕ್ಕೆ ಮುಂಚೆ ಬಿದ್ದುಹೋದರೆ ಪಕ್ಕದ ಹಲ್ಲುಗಳು ಆ ತೆರವಿನೊಳಕ್ಕೆ ವಾಲಿಕೊಂಡು, ಹಿಂದೆ ಬರಬೇಕಾದ ಶಾಶ್ವತ ಹಲ್ಲಿಗೆ ದಾರಿಯಿಲ್ಲದಂತೆ ಮಾಡುತ್ತವೆ. “ಹೇಗೂ ಬೀಳುವ ಹಲ್ಲು” ಎಂದು ಉಪೇಕ್ಷಿಸುವ ತಂದೆತಾಯಿಗಳು ತಿಳಿಯಬೇಕಾದ ಮಾತಿದು.

ಹಲ್ಲು ಗೋಡೆಗೆ ಬಡಿದ ಮೊಳೆಯಂತೆ ಮೂಳೆಯಲ್ಲಿ ನಾಟಿಕೊಂಡಿಲ್ಲ. ಬೇರಿಗೂ ಮೂಳೆಗೂ ನಡುವೆ ಸೂಕ್ಷ್ಮವಾದ ನಾರುಗಳ ಪದರವೊಂದಿದೆ. ಹಲ್ಲಿನ ಮೇಲೆ ಹಗುರವಾದ ಒತ್ತಡವನ್ನು ಬಿಡದೆ ಹೇರಿದರೆ, ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ. ಎಳೆತ ಬಿದ್ದ ಕಡೆ ಹೊಸ ಮೂಳೆ ಬೆಳೆಯುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರಿನಂತೆ ಸರಿಯುತ್ತದೆ. ಚಿಕಿತ್ಸೆಗೆ ಒಂದೆರಡು ವರ್ಷ ಹಿಡಿಯುವುದು ಇದೇ ಕಾರಣದಿಂದ. ಇಷ್ಟು ನಿಧಾನವಾದ ಚಲನೆಯನ್ನು ಗಮನಿಸಲು ಅಷ್ಟೇ ಸೂಕ್ಷ್ಮವಾದ ಅಳತೆ ಬೇಕು.

ಫ್ರಾನ್ಸಿನ ಪಿಯರ್ ಫೊಶಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯ ಗ್ರಂಥದಲ್ಲಿಯೇ ಹಲ್ಲುಗಳನ್ನು ಸಾಲಿಗೆ ತರುವ ಲೋಹದ ಪಟ್ಟಿಯ ವಿವರಣೆಯಿದೆ. ಅಮೆರಿಕದ ಎಡ್ವರ್ಡ್ ಏಂಜಲ್ 1899ರಲ್ಲಿ ವಕ್ರದಂತಗಳನ್ನು ವರ್ಗೀಕರಿಸಿ ಈ ಶಾಖೆಗೆ ಶಾಸ್ತ್ರದ ರೂಪ ಕೊಟ್ಟನು. 1895ರಲ್ಲಿ ರಾಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ ಮೂಳೆಯೂ ಕಣ್ಣಿಗೆ ಬಿತ್ತು. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹಾಫ್ರಾತ್ ತಲೆಯನ್ನು ಒಂದೇ ಭಂಗಿಯಲ್ಲಿ ನಿಲ್ಲಿಸಿ ಚಿತ್ರ ತೆಗೆಯುವ ಕ್ರಮವನ್ನು ಪ್ರತ್ಯೇಕವಾಗಿ ಪ್ರಕಟಿಸಿದರು. ಆದರೆ ಆ ಚಿತ್ರ ಚಪ್ಪಟೆ. ಉದ್ದ ಅಗಲಗಳಿದ್ದರೂ ಆಳವಿಲ್ಲ. ಆಳ ಬೇಕಾದರೆ ಅಚ್ಚು ತೆಗೆಯಬೇಕು. ಕಡಲಪಾಚಿಯಿಂದ ತಯಾರಾದ ಆಲ್ಜಿನೇಟ್ ಎಂಬ ಲೇಪವನ್ನು ಬಟ್ಟಲಿನಲ್ಲಿ ತುಂಬಿ ರೋಗಿಯ ಬಾಯಿಗಿಟ್ಟು, ಅದು ಗಟ್ಟಿಯಾದ ಮೇಲೆ ಹೊರತೆಗೆದು ಜಿಪ್ಸಮ್ಮಿನ ಪುಡಿಯನ್ನು ಕಲಸಿ ಎರಕ ಹೊಯ್ಯುವುದು ರೂಢಿ. ಎಷ್ಟೋ ಮಂದಿಗೆ ಆ ಲೇಪ ಗಂಟಲ ಬಳಿ ಸರಿದು ವಾಕರಿಕೆ ಬರುತ್ತದೆ. ಎರಕದ ಹಲ್ಲುಗಳು ಮುರಿಯುತ್ತವೆ. ಅವನ್ನು ವರ್ಷಗಟ್ಟಲೆ ಜೋಪಾನಮಾಡಲು ಕಪಾಟುಗಳು ಸಾಲವು.

ಈ ತೊಡಕನ್ನು ನೀಗಿಸಿದ್ದು ಬೆಳಕು. ಬೆಳಕಿನಿಂದಲೇ ಹಲ್ಲಿನ ಅಚ್ಚು ತೆಗೆಯಬಹುದೆಂಬ ವಿಚಾರವನ್ನು ಫ್ರಾನ್ಸಿನ ಫ್ರಾಂಸ್ವಾ ದ್ಯುರೆ 1973ರಲ್ಲಿ ತನ್ನ ಪ್ರಬಂಧದಲ್ಲಿ ಮಂಡಿಸಿದನು. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಮೋರ್ಮನ್ ಮತ್ತು ಬ್ರಾಂಡೆಸ್ಟಿನಿ 1985ರಲ್ಲಿ ಅಂತಹ ಯಂತ್ರವನ್ನು ಮೊದಲ ರೋಗಿಗೆ ಬಳಸಿದರು.

ಇದರ ತತ್ತ್ವ ಬಹಳ ಸರಳ. ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಯತ್ನಿಸಿದರೆ ಕೈ ತಪ್ಪುತ್ತದೆ. ಎರಡು ಕಣ್ಣುಗಳು ಎರಡು ಕೋನಗಳಿಂದ ನೋಡುವುದರಿಂದಲೇ ನಮಗೆ ದೂರದ ಅರಿವು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸಂತ ಥಾಮಸ್ ಬೆಟ್ಟದ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ಅಳೆದು, ಅದರ ತುದಿಗಳಿಂದ ಕೋನಗಳನ್ನು ಹಿಡಿದು ತ್ರಿಕೋನಗಳ ಸರಪಳಿಯನ್ನು ಮೈಸೂರು ಸೀಮೆಯ ಮೂಲಕ ಮಂಗಳೂರಿನ ಕಡಲ ತೀರದವರೆಗೆ ಹೆಣೆದುದನ್ನು ಭೂಗೋಳದ ವಿದ್ಯಾರ್ಥಿಗಳು ಬಲ್ಲರು. ಹಲವು ಸ್ಕ್ಯಾನರುಗಳು ಮಾಡುವುದೂ ಅದನ್ನೇ. ಒಂದು ಕಡೆಯಿಂದ ಬೆಳಕಿನ ಪಟ್ಟೆಗಳು ಹಲ್ಲಿನ ಮೇಲೆ ಬೀಳುತ್ತವೆ; ಇನ್ನೊಂದು ಕೋನದಿಂದ ಕ್ಯಾಮೆರಾ ಅವು ಎಲ್ಲೆಲ್ಲಿ ಬಾಗಿವೆಯೆಂದು ನೋಡುತ್ತದೆ. ಎರಡರ ನಡುವಣ ಅಂತರವೇ ಆಧಾರರೇಖೆ. ಅದೂ ಎರಡು ಕೋನಗಳೂ ಗೊತ್ತಿದ್ದರೆ ಮೂರನೆಯ ಬಿಂದು ಗಣಿತಕ್ಕೆ ಸಿಕ್ಕಿತೆಂದೇ ಲೆಕ್ಕ. ಇಂತಹ ಸಾವಿರಾರು ಬಿಂದುಗಳನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಹೆಣೆದು ಕಂಪ್ಯೂಟರು ಹಲ್ಲಿನ ರೂಪವನ್ನು ಪರದೆಯ ಮೇಲೆ ನಿಲ್ಲಿಸುತ್ತದೆ. ಮುಖಕ್ಕಾದರೆ ಹಲವು ಕ್ಯಾಮೆರಾಗಳು ಏಕಕಾಲಕ್ಕೆ ಚಿತ್ರ ತೆಗೆಯುತ್ತವೆ. ರೋಗಿ ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಇದರ ಉಪಯೋಗವೇನು? ತಿಂಗಳು ಬಿಟ್ಟು ತೆಗೆದ ಎರಡು ನಕ್ಷೆಗಳನ್ನು ಒಂದರ ಮೇಲೊಂದಿಟ್ಟರೆ ಯಾವ ಹಲ್ಲು ಎಷ್ಟು ಸರಿದಿದೆಯೆಂದು ತಿಳಿಯುತ್ತದೆ. ಹಲ್ಲು ಹಿಂದೆ ಸರಿದಾಗ ತುಟಿಯ ಆಕಾರ ಹೇಗೆ ಬದಲಾಯಿತೆಂದು ಮುಖದ ನಕ್ಷೆ ತೋರಿಸುತ್ತದೆ. ಚಿಕಿತ್ಸೆಗೆ ಮೊದಲೇ ಪರದೆಯ ಮೇಲೆ ಹಲ್ಲುಗಳನ್ನು ಸರಿಸಿ ನೋಡಬಹುದು. 1997ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ ಅಲೈನ್ ಟೆಕ್ನಾಲಜಿ ಎಂಬ ಕಂಪನಿ, ಹೀಗೆ ಸರಿಸಿದ ಒಂದೊಂದು ಹಂತಕ್ಕೂ ಒಂದೊಂದು ಪಾರದರ್ಶಕ ತೊಡುಗೆಯನ್ನು ತಯಾರಿಸುವ ಮಾರ್ಗ ಹಿಡಿಯಿತು. ಪ್ರತಿ ತೊಡುಗೆ ಹಲ್ಲನ್ನು ಸುಮಾರು ಕಾಲು ಮಿಲಿಮೀಟರಿನಷ್ಟು ಸರಿಸುತ್ತದೆ. ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟು ದಿನವೆಲ್ಲ ತೊಟ್ಟಿರಬೇಕು.

ಆದರೆ ಯಂತ್ರವೇ ವೈದ್ಯನಲ್ಲ. ಬೆಳಕಿಗೆ ಕಾಣುವುದು ಮೇಲ್ಮೈ ಮಾತ್ರ. ಬೇರು, ಮೂಳೆ ಕಾಣಬೇಕಾದರೆ ಇಂದಿಗೂ ಕ್ಷ-ಕಿರಣವೇ ಬೇಕು; ಅದರ ವಿಕಿರಣದ ವಿಷಯದಲ್ಲಿ ಎಚ್ಚರವೂ ಬೇಕು. ಎಂಜಲು, ರಕ್ತ, ಹೊಳೆಯುವ ಲೋಹ ಬೆಳಕನ್ನು ದಾರಿ ತಪ್ಪಿಸುತ್ತವೆ. ಚೂರು ಚಿತ್ರಗಳನ್ನು ಜೋಡಿಸುತ್ತ ಹೋದಂತೆ ಸಣ್ಣ ತಪ್ಪುಗಳು ಕೂಡಿ ಬೆಳೆಯಬಹುದು.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಮತ್ತೊಂದಿದೆ. ಅಳತೆ ಸಿಕ್ಕಿತು, ಸರಿ. ಯಾವ ಮಾದರಿಗೆ ಹೋಲಿಸಿ ಇದು ಸರಿ, ಇದು ವಕ್ರ ಎನ್ನಬೇಕು? ಏಂಜಲನು ಮೊದಲು ಆದರ್ಶವೆಂದು ತೋರಿಸಿದ್ದು ಅಪೊಲೊ ಬೆಲ್ವಡೇರ್ ಎಂಬ ಅಮೃತಶಿಲೆಯ ವಿಗ್ರಹದ ಮುಖವನ್ನು. 1948ರಲ್ಲಿ ವಿಲಿಯಂ ಡೌನ್ಸ್ ಪ್ರಕಟಿಸಿದ, ಬಹುಕಾಲ ಪ್ರಮಾಣವಾಗಿದ್ದ ಅಳತೆಗಳಿಗೆ ಆಧಾರ 20 ಮಂದಿ ಬಿಳಿಯ ಹುಡುಗ ಹುಡುಗಿಯರು. ನಮ್ಮ ದೇಶದಲ್ಲಿ ನಡೆದ ಹಲವು ಅಧ್ಯಯನಗಳು ಭಾರತೀಯರ ಮುಂದಿನ ಹಲ್ಲೂ ತುಟಿಯೂ ಸಹಜವಾಗಿಯೇ ತುಸು ಮುಂದಿರುವುದನ್ನು ತೋರಿಸಿವೆ. ಅನ್ಯರ ಮೊಳದಿಂದ ಅಳೆದರೆ ನೆಟ್ಟಗಿರುವ ಮುಖವೂ ರೋಗವೆನಿಸೀತು. ವಧುಪರೀಕ್ಷೆಯಲ್ಲಿ ಹಲ್ಲಿನ ಹೆಸರು ಹೇಳಿ ಹೆಣ್ಣನ್ನು ನಿರಾಕರಿಸುವ ಸಮಾಜದಲ್ಲಿ ಇದು ಲಘುವಾದ ಮಾತಲ್ಲ. ಅಗಿಯಲು, ಮಾತನಾಡಲು, ಹಲ್ಲುಜ್ಜಲು ತೊಡಕಾದವರಿಗೆ ಚಿಕಿತ್ಸೆ ಅವಶ್ಯ. ನೆರೆಯವರ ನಗೆಗೆ ಅಂಜಿ ಸಾಲಮಾಡಿ ಹಲ್ಲು ಸರಿಪಡಿಸಿಕೊಳ್ಳುವುದು ಬೇರೆಯೇ ವಿಷಯ.

ಸ್ಕ್ಯಾನರು ಈ ಅನ್ಯಾಯವನ್ನು ಹೆಚ್ಚಿಸಲೂಬಲ್ಲದು, ತಗ್ಗಿಸಲೂಬಲ್ಲದು. ವಿಕಿರಣದ ಭಯವಿಲ್ಲದೆ ಸಾವಿರಾರು ಮುಖಗಳನ್ನು ಅಳೆಯಬಹುದಾದ್ದರಿಂದ ಮಲೆನಾಡಿನವರ, ಬಯಲುಸೀಮೆಯವರ, ಕರಾವಳಿಯವರ ಮುಖಗಳಿಗೆ ಅವರವರದೇ ಮಾದರಿ ದೊರೆಯಬಹುದು. ಆದರೆ ಮುಖದ ನಕ್ಷೆ ಆ ವ್ಯಕ್ತಿಯ ಗುರುತೂ ಹೌದು. ಒಪ್ಪಿಗೆಯಿಲ್ಲದೆ ಅದು ಪರರ ಪಾಲಾಗಬಾರದು. ಹಾಗೆಯೇ ಈ ಯಂತ್ರ ನಗರದ ದುಬಾರಿ ಚಿಕಿತ್ಸಾಲಯಗಳಲ್ಲಿ ಮಾತ್ರವಿದ್ದರೆ, ನಕ್ಷೆಯೂ ನಗರದ ಉಳ್ಳವರ ಮುಖದ ನಕ್ಷೆಯೇ ಆಗುತ್ತದೆ. ಜಿಲ್ಲಾ ಆಸ್ಪತ್ರೆಯ ಬಾಗಿಲಲ್ಲಿ ಸರದಿಗಾಗಿ ಕಾದು ನಿಂತ ಮಗುವಿನ ಮುಖವೂ ಆ ಲೆಕ್ಕಕ್ಕೆ ಸೇರಿದಾಗಲೇ ಅಳತೆ ಪೂರ್ಣವಾಯಿತೆನ್ನಬೇಕು.